ಮಾಟುಂಗಾದ ಮನೆಯಲ್ಲಿ ಗೋಡೆ ಇದ್ದ ಜಾಗ

ಫೆಬ್ರವರಿ ೩೦, ೨೨೦೩
ಮಾಟುಂಗಾ, ಮುಂಬಯಿ

ಪೂಜ್ಯ ವಾರಿಜಜ್ಜಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಮೇದಿನಿ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ಮೂವತ್ತೆಂಟು ವರ್ಷದ ಹೆಂಗಸನ್ನು ಅಜ್ಜಿ ಎಂದದ್ದಕ್ಕೂ, ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಅದಕ್ಕೂ ಕ್ಷಮೆಯಿರಲಿ. ಇದು ಹಿಂದೋಲೆ. ಬರೆದ ಸಾಲು ಬರೆದ ಹಾಗೇ ಹಿಂದಿನ ಕಾಲಕ್ಕೆ ಹೋಗುವ ಕಾಗದ, ಮನೆತನಕ್ಕೊಂದೇ ಸಿಗುವುದು. ನಮ್ಮ ಪಾಲಿನದನ್ನು, ನೀವು ಇದೇ ಮನೆಯನ್ನು ಹೊಸದು ಮಾಡಿಸುತ್ತಿರುವ ದಿನಕ್ಕೆ, ನಿಮಗೇ ಬರೆಯುತ್ತಿದ್ದೇನೆ.

ನಮ್ಮ ಕಾಲದ ಮನೆಗಳಿಗೆ ಬಣ್ಣಗೋಡೆಗಳಿವೆ. ಬೆಳಿಗ್ಗೆ ಎದ್ದವರ ಮನಸ್ಸು ನೋಡಿ ಅವು ತಾವಾಗಿ ಬಣ್ಣ ಬದಲಿಸುತ್ತವೆ. ಎಲ್ಲರ ಮನೆಗೂ ಅವೇ ಗೋಡೆ, ಹೀಗಾಗಿ ಯಾರ ಮನೆಗೆ ಹೋದರೂ ಒಂದೇ ಥರ. ನಿಮ್ಮ ಮನೆಗೆ ಕಾಲಿಟ್ಟವರು ಮಾತ್ರ ಬಾಗಿಲಲ್ಲೇ ನಿಂತುಬಿಡುತ್ತಾರೆ. ಸಾವಿರದ ಒಂಬೈನೂರ ಮೂವತ್ತೆಂಟರ ಹೂವಿನ ಟೈಲ್ಸು, ಅದರ ಮೇಲೆ ನಿಮ್ಮ ಕಾಲದ ಸಪೂರ ಕಾಲಿನ ಸೋಫಾ. ಬಣ್ಣದ ಗಾಜಿನ ಕಿಟಕಿಯ ಪಕ್ಕದಲ್ಲಿ ಬಿಳಿ ಕಪಾಟು. ಒಂದಕ್ಕೊಂದು ಜಗಳವಿಲ್ಲ. ಅರೆಯುವ ಕಲ್ಲನ್ನು ಷೋಕೇಸಿಗೆ ಏರಿಸದೆ ಹೊಸ ಕಟ್ಟೆಯಲ್ಲೇ ಕೂರಿಸಿದಿರಲ್ಲ, ಅದಕ್ಕೆ ನಿಮಗೆ ದೊಡ್ಡ ನಮಸ್ಕಾರ. ನಾನು ಇವತ್ತಿಗೂ ಅದರಲ್ಲೇ ಚಟ್ನಿ ಅರೆಯುತ್ತೇನೆ. ಕೈ ನೋಯುತ್ತದೆ, ನಿಮ್ಮನ್ನು ಬೈಯುತ್ತೇನೆ, ಆಮೇಲೆ ಬೆರಳು ಚೀಪುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆಲದ ಬೂದು ಪಟ್ಟಿ. ಅಡುಗೆಮನೆಯ ಗೋಡೆ ಒಡೆದ ಮೇಲೆ ಆ ಜಾಗಕ್ಕೆ ನೀವು ನಕಲಿ ಹೂವಿನ ಟೈಲ್ಸು ಹಾಕಿಸಲಿಲ್ಲ. ಇಲ್ಲೊಂದು ಗೋಡೆಯಿತ್ತು ಎಂದು ಕಾಣುವ ಹಾಗೆ ಬರೀ ಸಿಮೆಂಟು ಹಾಕಿಸಿದಿರಿ.

ಆ ಗೋಡೆಯೇ ಈಗ ತಿರುಗಿ ಬರುವುದರಲ್ಲಿದೆ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಮೂಲರೂಪ ಸಮಿತಿಯವರಿಗೆ ಮೊದಲಿನದೆಲ್ಲ ಪವಿತ್ರ. ಗೋಡೆ ಮತ್ತೆ ಕಟ್ಟಬೇಕೋ ಬೇಡವೋ ಎಂದು ಗುರುವಾರ ತೀರ್ಮಾನಿಸುತ್ತಾರೆ. ಆ ಗೋಡೆ ಯಾಕಿತ್ತೆಂದು ಅವರಿಗೇನು ಗೊತ್ತು! ನಿಮ್ಮ ಅತ್ತೆ ಭಾಗೀರಥಮ್ಮ ಹೊರಗಾದಾಗಲೆಲ್ಲ ಮೂರು ದಿನ ಅದರ ಆಚೆ ಕೂತು, ಒಂದು ಲೋಟ ಕಾಫಿಗೂ ಒಳಗಿದ್ದವರನ್ನು ಕೂಗಬೇಕಿತ್ತು. ನಿಮ್ಮ ಲೆಕ್ಕದಲ್ಲಿ ನಿನ್ನೆ, ಗೋಡೆ ಬಿದ್ದಾಗ ಅವರು ನಿಮಗೆ ಹೇಳಿದ ಮಾತು ನಮ್ಮ ಮನೆಯಲ್ಲಿ ಇನ್ನೂ ಬಾಯಿಂದ ಬಾಯಿಗೆ ಬರುತ್ತಿದೆ: "ಇದನ್ನು ನಾನು ಬಂದ ವರ್ಷವೇ ಒಡೀಬೇಕಿತ್ತು ಮಾರಾಯ್ತಿ."

ಸಮಿತಿಗೆ ಮಾತು ಸಾಲದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಜನ. ಆದರೆ ಅವರದೇ ಒಂದು ನಿಯಮವಿದೆ: ಮನೆಯವರ ಮೈಗುರುತು, ಅಂದರೆ ಕೈಕಾಲಿನ ಅಚ್ಚು, ಉಳಿದ ಜಾಗವನ್ನು ಯಾರೂ ಮುಟ್ಟುವಂತಿಲ್ಲ. ಇವತ್ತು ನಿಮ್ಮಲ್ಲಿ ಆ ಪಟ್ಟಿಗೆ ಸಿಮೆಂಟು ಹಾಕುತ್ತಿದ್ದಾರೆ. ಅದು ಒಣಗುವ ಮೊದಲು ಭಾಗೀರಥಮ್ಮನವರ ಕೈ ಹಿಡಿದು ಕರೆತನ್ನಿ. ಬರಿಗಾಲಲ್ಲಿ ಅದರ ಮೇಲೆ ಒಂದು ಹೆಜ್ಜೆ ಇಡಿಸಿ. ಮೇಸ್ತ್ರಿ ಕೂಗಾಡಿದರೆ ಕೂಗಾಡಲಿ.

ಇಲ್ಲಿಗೆ ಕಾಗದ ಮುಗಿಸಬೇಕೆಂದಿದ್ದೆ. ತಡೆಯಲಾಗದೆ ಎದ್ದು ಹೋಗಿ ಆ ಪಟ್ಟಿ ನೋಡಿ ಬಂದೆ. ಬೆಳಿಗ್ಗೆ ನಾನೇ ಗುಡಿಸಿದ ನೆಲ ಅದು, ಆಗ ಏನೂ ಇರಲಿಲ್ಲ. ಈಗ ಅಲ್ಲೊಂದು ಅಗಲವಾದ ಪಾದ ಮೂಡಿದೆ, ಅಡುಗೆಮನೆಯ ಕಡೆಗೆ ಮುಖ ಮಾಡಿ.