ಅದೂ ಪೆಟ್ಟಾ, ಸಿಸ್ಟರ್?

ಜೂನ್ 3, ಬೆಳಿಗ್ಗೆ 11
ಬಿಪಿ, ತೂಕ, ಶುಗರ್ — ಎಂದಿನಂತೆ. ಇವತ್ತಿನಿಂದ ಒಂದು ಹಾಳೆ ಹೆಚ್ಚು. ಜೈಲಿನ ಮಹಿಳಾ ಬ್ಯಾರಕ್‌ನಲ್ಲಿ ಎಲ್ಲರಿಗೂ ತಲೆಪೆಟ್ಟಿನ ತಪಾಸಣೆ ಮಾಡಬೇಕಂತೆ. ಮೇಲಿನ ಆದೇಶ. ಮೊದಲ ಪ್ರಶ್ನೆ: “ತಲೆಗೆ ಗಂಭೀರ ಗಾಯವಾಗಿದೆಯೇ?” ಹನ್ನೊಂದು ಜನರನ್ನು ಕೇಳಿದೆ. ಹನ್ನೊಂದೂ “ಇಲ್ಲ”.
ಹೆಡ್ ವಾರ್ಡರ್ ಮೇಡಂ ಬಾಗಿಲಲ್ಲಿ ನಿಂತು ನಕ್ಕರು. “ತಲೆ ಅಂತ ಒಂದಿದ್ರೆ ತಾನೇ ಸಿಸ್ಟರ್, ಪೆಟ್ಟು ಬೀಳೋಕೆ!”

ಜೂನ್ 4
ಹೊಸ ಕೆಲಸದ ಬಗ್ಗೆ ಅತ್ತೆಗೆ ಹೇಳಿದೆ. “ತಲೆ ಕೆಟ್ಟವರನ್ನ ಹುಡುಕೋಕೆ ಜೈಲಿಗ್ಯಾಕೆ ಹೋಗ್ಬೇಕು? ಮನೇಲೇ ನನ್ನ ಮಗ ಇದಾನಲ್ಲ!” ನಕ್ಕು ನಕ್ಕು ಸಾಕಾಯಿತು.

ಜೂನ್ 9
ಟೈಲರಕ್ಕ ಬಂದಿದ್ದಳು. ಬ್ಯಾರಕ್‌ನಲ್ಲಿ ಎಲ್ಲರೂ ಹಾಗೇ ಕರೆಯುವುದು. ಹಾಜರಿಗೆ ಬರಲಿಲ್ಲವೆಂದು ಒಂದೇ ತಿಂಗಳಲ್ಲಿ ಮೂರು ಸಲ ಶಿಕ್ಷೆ. ಹೊಲಿಗೆ ಕೋಣೆಯ ಕೆಲಸವೂ ಹೋಯಿತು. ಹಾಜರಿಯ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾಳೆ. “ಶುದ್ಧ ನಾಟಕ” ಎಂದು ಹೆಡ್ ವಾರ್ಡರ್ ತೀರ್ಪು.
ಮೊದಲ ದಿನದ ಹನ್ನೊಂದರಲ್ಲಿ ಅವಳದೂ ಒಂದು “ಇಲ್ಲ”. ಆದರೆ ಬಿಪಿ ನೋಡುವಾಗ ಕಣ್ಣಿಗೆ ಬಿತ್ತು — ಬೈತಲೆಯ ಪಕ್ಕ ಬೆರಳುದ್ದದ ಕಲೆ.
“ಇದೇನು?”
“ಅದಾ? ನಮ್ಮನೆಯವ್ರು ಬಾಗಿಲ ಅಗುಳಿ ತಗೊಂಡು ಹೊಡೆದಿದ್ರು.”
“ಎಚ್ಚರ ತಪ್ಪಿತ್ತಾ?”
“ಕಣ್ಣು ಬಿಟ್ಟಾಗ ಪಕ್ಕದ ಮನೆಯವ್ರು ಮುಖಕ್ಕೆ ನೀರು ಹಾಕ್ತಿದ್ರು.”
“ಮತ್ತೆ ‘ಇಲ್ಲ’ ಅಂದ್ರಲ್ಲ?”
ಅವಳಿಗೆ ನಿಜವಾಗಿಯೂ ಆಶ್ಚರ್ಯ. “ಗಂಡ ಹೊಡೆದಿದ್ದು... ಅದೂ ಪೆಟ್ಟಾ, ಸಿಸ್ಟರ್? ನೀವು ಆ್ಯಕ್ಸಿಡೆಂಟ್ ವಿಷಯ ಕೇಳ್ತಿದೀರಿ ಅಂದ್ಕೊಂಡೆ.”
ತಪ್ಪು ಅವಳದಲ್ಲ. ಪ್ರಶ್ನೆಯದು.

ಜೂನ್ 10
ಫಾರ್ಮ್ ಪಕ್ಕಕ್ಕಿಟ್ಟೆ. ನಾನೇ ಬರೆದುಕೊಂಡೆ. ಮನೆಯಲ್ಲಿ ಯಾರಾದರೂ ತಲೆಗೆ ಹೊಡೆದಿದ್ದಾರಾ? ಕುತ್ತಿಗೆ ಹಿಸುಕಿದಾಗ ಕಣ್ಣು ಕತ್ತಲಿಟ್ಟಿತ್ತಾ? ಮೆಟ್ಟಿಲಿಂದ ತಳ್ಳಿದ್ದರಾ?
ಅದೇ ಹನ್ನೊಂದು ಜನ. ಎಂಟು “ಹೌದು”.

ಜೂನ್ 13
ಸೂಪರಿಂಟೆಂಡೆಂಟ್ ಸಾಹೇಬರು ಕರೆಸಿದರು.
“ಮನಸ್ಸಿಗೆ ಬಂದ ಹಾಗೆ ಫಾರ್ಮ್ ತಿದ್ದೋಕೆ ಯಾರ್ರೀ ಹೇಳಿದ್ದು?”
“ಯಾರೂ ಹೇಳಿಲ್ಲ ಸರ್. ಸೊನ್ನೆ ಇದ್ದಿದ್ದು ಎಂಟಾಯ್ತು. ಯಾವುದನ್ನ ಕಳಿಸಲಿ, ನೀವೇ ಹೇಳಿ.”
ಎರಡೂ ಹಾಳೆ ಓದಿದರು. ಮತ್ತೊಮ್ಮೆ ಓದಿದರು. ಟೈಲರಕ್ಕನನ್ನು ದೊಡ್ಡಾಸ್ಪತ್ರೆಗೆ ಕಳಿಸಲು ಸಹಿ ಹಾಕಿದರು.

ಜುಲೈ 2
ಡಾಕ್ಟರ ವರದಿ ಬಂತು. ಹಳೆಯ ಪೆಟ್ಟುಗಳಿಂದ ಮರೆವು, ಸದ್ದಿಗೆ ತಲೆನೋವು. ನಾಟಕವಲ್ಲ! ದಿನದ ಕೆಲಸ ಚೀಟಿಯಲ್ಲಿ ಬರೆದುಕೊಡಬೇಕು. ಗಂಟೆಯ ಹೊತ್ತಿಗೆ ಪಕ್ಕದವಳು ಭುಜ ಮುಟ್ಟಿ ಕರೆಯಬೇಕು. ಇಷ್ಟೇ. ಇಷ್ಟನ್ನು ಮಾಡದೆ ಅವಳಿಗೆ ಮೂರು ಶಿಕ್ಷೆ ಕೊಟ್ಟಿದ್ದರು.

ಆಗಸ್ಟ್ 5
ತಿಂಗಳು ಕಳೆಯಿತು. ಅವಳ ಮೇಲೆ ಒಂದೂ ದೂರಿಲ್ಲ. ಇವತ್ತು ಹೊಲಿಗೆ ಕೋಣೆಗೆ ಮತ್ತೆ ಸೇರಿಸಿಕೊಂಡರು. ಕಿಟಕಿಯಲ್ಲಿ ಇಣುಕಿದೆ. ತಲೆಯೆತ್ತಿ ಹೇಳಿದಳು, “ನನಗೆ ಬುದ್ಧಿ ಇಲ್ಲ ಅಂತಿದ್ರು ಸಿಸ್ಟರ್. ನಾನೂ ನಂಬಿಬಿಟ್ಟಿದ್ದೆ.”
ನನ್ನ ಪ್ರಶ್ನೆಗಳು ಹೊಸ ಫಾರ್ಮ್‌ನಲ್ಲಿ ಅಚ್ಚಾಗಿ ಬಂದಿವೆ. ಅತ್ತೆ ಫೋನಿನಲ್ಲಿ ನಾದಿನಿಗೆ ಹೇಳುತ್ತಿದ್ದರು: “ಇನ್ಮೇಲೆ ಎಲ್ಲಾ ಜೈಲಲ್ಲೂ ನಮ್ಮ ಸೊಸೆ ಬರೆದಿದ್ದನ್ನೇ ಕೇಳ್ತಾರಂತೆ ಕಣೇ!” ಎಲ್ಲಾ ಜೈಲಲ್ಲಲ್ಲ, ಇದೊಂದರಲ್ಲಿ. ತಿದ್ದಲಿಲ್ಲ. ಕಿವಿಗೆ ಹಿತವಾಗಿತ್ತು.

ಆಗಸ್ಟ್ 11, ಸಂಜೆ 5
ಮಧ್ಯಾಹ್ನ ಹೆಡ್ ವಾರ್ಡರ್ ಮೇಡಂ ಬಂದರು. ಒಬ್ಬರೇ. ಕೈಯಲ್ಲಿ ಹೊಸ ಫಾರ್ಮ್.
“ಒಂದು ಪ್ರಶ್ನೆ ಬಿಟ್ಟಿದೀರಿ ಸಿಸ್ಟರ್. ಜಡೆ ಹಿಡಿದು ಗೋಡೆಗೆ ಬಡಿದಿದ್ರಾ ಅಂತ. ಅದನ್ನ ತಾವಾಗಿ ಯಾರೂ ಹೇಳಲ್ಲ.”
“ನಿಮಗೆ ಹೇಗೆ ಮೇಡಂ...”
ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಕೈದಿಗಳು ಕೂರುವ ಸ್ಟೂಲನ್ನೇ ಎಳೆದುಕೊಂಡರು. “ಬಾಗಿಲು ಹಾಕಿ. ಮೊದಲಿಂದ ಕೇಳಿ.”
ಹಾಳೆ ತೆಗೆದೆ. ಹೆಸರಿನ ಜಾಗ ಖಾಲಿ ಬಿಟ್ಟೆ. ಕೇಳಿದೆ. ಅವರು ಹೇಳಿದ್ದನ್ನು ಇಲ್ಲಿಯೂ ಬರೆಯುವುದಿಲ್ಲ. ಇಷ್ಟು ಮಾತ್ರ — ಹೋಗುವಾಗ ಟೋಪಿ ಹಾಕಿಕೊಂಡು, ನೆಟ್ಟಗೆ ನಿಂತು, ಸೆಲ್ಯೂಟ್ ಹೊಡೆದರು. ನನಗೆ. ನನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಇದೇ ಮೊದಲು.