ಅವು ನನ್ನವೇ ಅಂದಿದ್ದಕ್ಕೆ

ಬಾಗಲಗುಂಟೆ
೧೧ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಯಮುನಾ,

ನಿನ್ನ ಫೋನಿಗೆ ಮಾಡಿದಾಗಲೆಲ್ಲ ನಿಮ್ಮಮ್ಮ ಎತ್ತುತ್ತಾರೆ. “ಸ್ನಾನಕ್ಕೆ ಹೋಗಿದಾಳೆ” ಅನ್ನುತ್ತಾರೆ. ಬೆಳಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಅದಕ್ಕೇ ಈ ಕಾಗದ. ನಾಗಸಂದ್ರದಷ್ಟು ಹತ್ತಿರದಲ್ಲಿರುವ ಹೆಂಡತಿಗೆ ಕಾಗದ ಬರೆಯುವ ಗಂಡ ನಾನೊಬ್ಬನೇ ಇರಬೇಕು.

ಇಷ್ಟು ದಿನ ಬೀದಿಯವರಿಗೆ ಉತ್ತರ ಹೇಳುವುದು ಸುಲಭವಿತ್ತು. ಮದುವೆಯಾದ ಮೊದಲನೇ ಆಷಾಢ, ತವರಿಗೆ ಹೋಗಿದಾಳೆ ಅಂತಿದ್ದೆ. ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಈಗ ಶ್ರಾವಣ ಬಂದಿದೆ. ಎದುರು ಮನೆಯ ಈಶ್ವರಮ್ಮ ನಿನ್ನೆ, “ಇನ್ನೂ ಕರ್ಕೊಂಡ್ ಬಂದಿಲ್ವೇನಪ್ಪಾ?” ಅಂದರು. ನಾನು ಬೈಕು ಒರೆಸುವವನ ಹಾಗೆ ಬಗ್ಗಿಬಿಟ್ಟೆ.

ಅವತ್ತಿನದು ನನ್ನ ಕಣ್ಣಿಗೆ ಕಟ್ಟಿದ ಹಾಗೇ ಇದೆ. ನಿನ್ನ ತಂಗಿ ರಾಣಿಯನ್ನು ನೋಡಿದ ಗಂಡಿನ ಕಡೆಯವರು, ಹಿರಿಯ ಅಳಿಯನ ಮನೆಯನ್ನೂ ನೋಡಿಕೊಂಡು ಹೋಗುತ್ತೇವೆ ಅಂತ ಹೊರಟಿದ್ದು ನಿನಗೂ ನಿರೀಕ್ಷೆ ಇರಲಿಲ್ಲ. ನೀನು ಮುಂದೆ ಓಡಿ ಬಂದು ನನ್ನ ಗೊಂಬೆಗಳ ಷೋಕೇಸಿಗೆ ಹಾಸಿಗೆ ಬಟ್ಟೆ ಕಟ್ಟಿದೆ. “ರೀ, ಯಾರಾದ್ರೂ ಕೇಳಿದ್ರೆ ಪಕ್ಕದ ಮನೆ ಮಗೂದು ಅನ್ನಿ. ಇದೊಂದ್ ಸಲ” ಅಂದೆ. ನಾನು ತಲೆಯಾಡಿಸಿದೆ. ಹಾಗೇ ಹೇಳಬೇಕು ಅಂತಲೇ ಇದ್ದೆ ಯಮುನಾ, ನಂಬು.

ಆದರೆ ಹುಡುಗನ ಅತ್ತೆ ಅದನ್ನು ದೇವರ ಗೂಡು ಅಂದುಕೊಂಡು ಕೈಮುಗಿಯಲು ಬಟ್ಟೆ ಸರಿಸಿದರು. ನೀನು ತಕ್ಷಣ ಪಕ್ಕದ ಮನೆ ಮಗುವಿನ ಹೆಸರು ಹೇಳಿದೆ. ಅಲ್ಲಿಗೆ ಮುಗಿಯುತ್ತಿತ್ತು. ಆಕೆ ಹಸಿರು ಸೀರೆಯದನ್ನು ಕೈಗೆ ತೆಗೆದುಕೊಂಡು, ನೆರಿಗೆಗೆ ಬೆರಳು ಆಡಿಸಿ, “ಅಬ್ಬಾ, ಎಷ್ಟ್ ಚೆನ್ನಾಗ್ ಉಡ್ಸಿದಾರೆ! ಯಾರಮ್ಮ ಉಡ್ಸಿದ್ದು?” ಅಂದುಬಿಟ್ಟರು.

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿದ್ದೇ ಇಲ್ಲ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ನಾನೇ. ಎಲ್ಲಾ ನನ್ನವೇ” ಅಂದೆ. ಹುಡುಗನ ಅಣ್ಣ ನಕ್ಕಿದ್ದು, ನಿಮ್ಮಪ್ಪ ಕಾಫಿ ಲೋಟ ನೋಡುತ್ತ ಕೂತಿದ್ದು ಎಲ್ಲ ಆಮೇಲೆ. ಜಾತಕ ಕೂಡಲಿಲ್ಲ ಅಂತ ಅವರು ಹೇಳಿ ಕಳಿಸಿದ ಸಂಜೆಯೇ ನೀನು ಬ್ಯಾಗು ತೆಗೆದುಕೊಂಡು ಹೊರಟೆ. ರಾಣಿಗೆ ಮುಖ ತೋರಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಯಾಕೆ ಬೇಕು ನಿಮಗೆ ಇವು ಅಂತ ನೀನು ಎಷ್ಟು ಸಲ ಕೇಳಿದೆ. ಮಕ್ಕಳಾದ ಮೇಲೆ ಸರಿಹೋಗುತ್ತಾನೆ ಅಂತ ನಿಮ್ಮಮ್ಮ ಅಂದರಂತೆ. ಅದಲ್ಲ. ಏನು ಅಂತ ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಹೇಳಿ ನಿನ್ನ ಕಾಲು ಹಿಡಿಯುತ್ತಿದ್ದೆ. ಲಗ್ಗೆರೆಯ ಗುಜರಿ ಅಂಗಡಿಯಲ್ಲಿ ಹಳೇ ಪ್ಲಾಸ್ಟಿಕ್ ಬಕೆಟ್ಟುಗಳ ನಡುವೆ, ಬಟ್ಟೆಯಿಲ್ಲದೆ, ಕೂದಲು ಜಡೆಗಟ್ಟಿ, ಮುಖದ ಮೇಲೆ ಪೆನ್ನಿನ ಗೀಚು ಹೊತ್ತು ಒಂದು ಬಿದ್ದಿರುತ್ತದೆ. ಅದನ್ನು ಅಲ್ಲೇ ಬಿಟ್ಟು ಬರಲು ನನ್ನಿಂದ ಆಗುವುದಿಲ್ಲ. ಅಂಗಡಿಯಲ್ಲಿ ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಮನೆಗೆ ತಂದು, ಕೂದಲಿಗೆ ಕಂಡೀಷನರ್ ಹಚ್ಚಿ ತುದಿಯಿಂದ ಬಾಚುತ್ತ ಬಂದರೆ ಸಿಕ್ಕು ಬಿಡುತ್ತದೆ. ಗೀಚಿಗೆ ಮೊಡವೆ ಮುಲಾಮು ಹಚ್ಚಿ ಬಿಸಿಲಿಗಿಟ್ಟರೆ ದಿನ ಕಳೆದಂತೆ ಮಾಸುತ್ತದೆ. ನಿನ್ನ ಮುಲಾಮು ಬೇಗ ಖಾಲಿಯಾಗುತ್ತಿದ್ದದ್ದು ಇದಕ್ಕೇ. ಗಾರ್ಮೆಂಟ್ಸಿನ ಚಿಂದಿಯಲ್ಲಿ ಕುಪ್ಪಸ. ಹಳೆಯದರ ಮಂಡಿ ಟಕ್ಕೆಂದು ಮಡಿಯುತ್ತದೆ, ಈಚೆಗೆ ಮಾಡಿದ್ದರದು ಮಡಿಯುವುದಿಲ್ಲ. ಫುಟ್‌ಪಾತಿನ ಅಗ್ಗದ್ದು ಒಳಗೆ ಟೊಳ್ಳು, ಕೂದಲು ನೆತ್ತಿಯ ಸುತ್ತ ಮಾತ್ರ. ಒಂದರ ಕುಪ್ಪಸ ಇನ್ನೊಂದಕ್ಕೆ ಆಗುವುದಿಲ್ಲ. ಅವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡುತ್ತ ಕೂತರೆ, ದಿನವಿಡೀ ಪೀಣ್ಯದ ಮೆಷಿನ್ನಿನ ಮುಂದೆ ನಿಂತ ನನ್ನ ತಲೆ ತಣ್ಣಗಾಗುತ್ತಿತ್ತು. ಆ ಹಸಿರು ಸೀರೆಗೆ ನೀನೂ ಒಮ್ಮೆ ಕೈ ಹಾಕಿದ್ದೆ. “ಅಯ್ಯೋ, ನೆರಿಗೆ ಹಿಂಗಲ್ಲ, ಕೊಡಿ ಇಲ್ಲಿ” ಅಂದಿದ್ದೆ. ಅವತ್ತು ನಾವಿಬ್ಬರೂ ನಗುತ್ತಿದ್ದೆವು.

ಹೋದ ವಾರ ಎಲ್ಲವನ್ನೂ ಎರಡು ಬುಟ್ಟಿಗೆ ತುಂಬಿ ಅಂಗನವಾಡಿಗೆ ಕೊಟ್ಟು ಬಂದೆ. ಟೀಚರ್ ಅಂಜಿನಮ್ಮ, “ಯಾರ್ದಣ್ಣ ಇವೆಲ್ಲಾ, ಮಗಳ್ದಾ?” ಅಂತ ಕೇಳಿದರು. ಹೂಂ ಅಂದೆ. “ಈಗ ಆಡಲ್ವಾ?” ಅಂದರು. ದೊಡ್ಡವಳಾದಳು ಅಂದೆ. ನೀನು ಬೇಡಿದ ಸುಳ್ಳು ಅವತ್ತೇ ಇಷ್ಟು ಸಲೀಸಾಗಿ ಬಂದಿದ್ದರೆ ನೀನು ಇಲ್ಲೇ ಇರುತ್ತಿದ್ದೆ.

ಮಕ್ಕಳು ಮುಗಿಬಿದ್ದವು. ಒಂದು ಮಗು ಹಸಿರು ಸೀರೆಯನ್ನು ಎಳೆದು ತನ್ನ ಕತ್ತಿಗೆ ಸುತ್ತಿಕೊಂಡಿತು. ಇನ್ನೊಂದು ಮಗು ಗೊಂಬೆಯ ತಲೆ ಕಿತ್ತು, ಒಳಗೇನಿದೆ ಅಂತ ಇಣುಕಿತು. ಹಾಕಿಕೊಡೋಣ ಅಂತ ಕೈ ಚಾಚಿದೆ. ಅಂಜಿನಮ್ಮ, “ಬಿಡಣ್ಣ, ಮಕ್ಳಲ್ವಾ, ಆಡ್ಲಿ” ಅಂದರು. ಅವರು ಹೇಳಿದ್ದು ಸರಿ. ಗೊಂಬೆ ಇರುವುದೇ ಅದಕ್ಕೆ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಅದನ್ನು ಹೇಳಲೆಂದೇ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮಪ್ಪ ಗೇಟಿನ ಹತ್ತಿರವೇ ನಿಂತು ಮಾತಾಡಿದರು. ಬೈಯಲಿಲ್ಲ. “ಕೊಟ್ಟಿದ್ದು ಸರಿ ವಸಂತ್. ಇನ್ಮೇಲೆ ಮುಟ್ಟಲ್ಲ ಅಂತ ಒಂದ್ ಮಾತು ಹೇಳು, ನಾಳೇನೇ ಕಳಿಸ್ತೀನಿ” ಅಂದರು. ಎಷ್ಟು ಚಿಕ್ಕ ಮಾತು. ನಾನು ಬಾಯಿ ತೆರೆದೆ. ನಿಮ್ಮ ಮನೆಯ ಬಾಡಿಗೆದಾರರು ಒಬ್ಬೊಬ್ಬರೇ ನಮ್ಮನ್ನು ದಾಟಿ ಒಳಗೆ ಹೋದರು. ನಿಮ್ಮಪ್ಪ ಕಾದರು, ಆಮೇಲೆ ನಿಟ್ಟುಸಿರು ಬಿಟ್ಟು ಗೇಟು ಹಾಕಿಕೊಂಡರು. ಮಹಡಿಯ ಕಿಟಕಿಯಲ್ಲಿ ನೀನಿದ್ದೆಯೋ ರಾಣಿಯೋ, ಕತ್ತೆತ್ತಿ ನೋಡಲಾಗಲಿಲ್ಲ.

ಈಗ ಆ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಮುಟ್ಟುವುದಿಲ್ಲ. ಷೋಕೇಸು ಖಾಲಿ ಇದೆ, ಗಾಜು ಒರೆಸಿದ್ದೇನೆ. ನಿನಗೆ ಬೇಕಾದ್ದು ಇಟ್ಟುಕೋ. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ. ಬಾ.

ನಿನ್ನವನೇ,
ವಸಂತ್

ಮರೆತ ಮಾತಲ್ಲ, ಮುಚ್ಚಲಾಗದ ಮಾತು: ಮೇಲಿನದನ್ನು ಬೆಳಗ್ಗೆ ಬರೆದೆ. ಅಂಚೆಗೆ ಲಕೋಟೆ ತರಲು ಹೋದವನು ಲಗ್ಗೆರೆಯ ಕಡೆ ತಿರುಗಿಬಿಟ್ಟೆ. ಗುಜರಿಯ ಕೃಷ್ಣ ನನಗೆಂದೇ ಒಂದನ್ನು ಎತ್ತಿಟ್ಟಿದ್ದ. ಬೇಡ ಅಂದೆ. ಬೇಡ ಅನ್ನುತ್ತಲೇ ಕೈ ಚಾಚಿದೆ. ಅದರ ಒಂದು ಕೈ ಇಲ್ಲ. ಈಗ ಬಚ್ಚಲ ಕಿಟಕಿಯಲ್ಲಿ ಕೂದಲು ಒಣಗುತ್ತಿದೆ. ಕಾಗದ ಹರಿದು ಬೇರೆ ಬರೆಯೋಣ ಅಂತ ಕೂತೆ. ಏನು ಬರೆಯಬೇಕೋ ತಿಳಿಯಲಿಲ್ಲ. ಹಾಗೇ ಕಳಿಸುತ್ತಿದ್ದೇನೆ. ಇದನ್ನು ನಿಮ್ಮಪ್ಪನಿಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟಿದ್ದು.