ಬಲಗಡೆ ಬಿದ್ದ ಹೂವು

ಕಾರಮಡೈ
4-10-1986, ಪುರಟ್ಟಾಸಿ ಮೂರನೇ ಶನಿವಾರ

ನನ್ನ ಒಡಹುಟ್ಟಿದ ಅಣ್ಣಯ್ಯನಿಗೆ ನಿನ್ನ ತಂಗಿ ರಂಗನಾಯಕಿ ಮಾಡುವ ನಮಸ್ಕಾರ.

ಇವತ್ತು ಪೆರುಮಾಳ್‌ಗೆ ಒಪ್ಪತ್ತು. ಹಸು ಕರೆದು, ಬಾಗಿಲಿಗೆ ಸಗಣಿ ನೀರು ಹಾಕಿ, ಕೋಲದ ರಂಗೋಲಿ ಬಿಟ್ಟು, ಅಕ್ಕಿ ಹಿಟ್ಟಿಗೆ ಬೆಲ್ಲ ಕಲಸಿ ಹಿಟ್ಟಿನ ದೀಪ ಹಚ್ಚಿ ಆಮೇಲೆ ಈ ಕಾಗದಕ್ಕೆ ಕೂತಿದ್ದೇನೆ. ಮಧ್ಯಾಹ್ನದವರೆಗೆ ಹೊಟ್ಟೆಗೆ ನೀರು ಮಾತ್ರ, ಅಕ್ಷರ ಓಲಾಡಿದರೆ ಬೈಯಬೇಡ. ನಿನ್ನ ಮೊಣಕಾಲು ಹೇಗಿದೆ? ಬೇವಿನೆಣ್ಣೆ ಬಿಸಿ ಮಾಡಿ ಹಚ್ಚು ಎಂದು ನಾಚಿಯಮ್ಮ ಅತ್ತಿಗೆಗೆ ಹೇಳಿದ್ದೆ, ಹಚ್ಚುತ್ತಾರೋ ಇಲ್ಲವೋ. ತಾಳವಾಡಿಯಲ್ಲಿ ಈಗಲೇ ಚಳಿ ಶುರುವಾಗಿರಬೇಕು. ಬೆಳಗ್ಗೆ ತಣ್ಣೀರು ಸ್ನಾನ ಬಿಡು, ದೇವರು ಕೋಪ ಮಾಡಿಕೊಳ್ಳುವುದಿಲ್ಲ.

ಮನಸ್ಸು ಬಿಚ್ಚಿ ಬರೆಯುತ್ತೇನೆ. ಈ ಮನೆಯಲ್ಲಿ ಎಲ್ಲರೂ ಜಗಳವಾಡುವುದು ಕನ್ನಡದಲ್ಲೇ, ಆದರೆ ಕನ್ನಡ ಅಕ್ಷರ ಓದಲು ಒಬ್ಬರಿಗೂ ಬಾರದು. ಅಪ್ಪ ನನ್ನನ್ನು ಐದನೇ ಕ್ಲಾಸಿನವರೆಗೆ ನಮ್ಮೂರ ಸ್ಕೂಲಿಗೆ ಕಳಿಸಿದ್ದು ಈಗ ಉಪಯೋಗಕ್ಕೆ ಬಂತು. ನನ್ನ ಮೈದುನ ತಂಗವೇಲು ಈಗತಾನೆ ಈ ಕಡೆ ಬಂದು ಇಣುಕಿ ದುಂಡು ಅಕ್ಷರ ನೋಡಿ, "ಏನು ಅತ್ತಿಗೆ, ನಿಮ್ಮ ಅಣ್ಣನಿಗೆ ಜಿಲೇಬಿ ಸುತ್ತುತ್ತಿದ್ದೀರಾ?" ಎಂದು ನಕ್ಕು ಹೋದ. ನಗಲಿ. ಬರೆಯುತ್ತಿರುವುದು ಅವನ ಮೇಲೆಯೇ.

ನನ್ನ ಮಗಳು ಸಾಂತಿಗೆ ವೆಳ್ಳಕೋಯಿಲಿನ ಒಂದು ಸಂಬಂಧ ಬಂದಿದೆ. ತಂದವನು ತಂಗವೇಲುವೇ. ಎಣ್ಣೆ ಮಿಲ್ಲಿನ ಅಯ್ಯಾಸಾಮಿಯವರ ಮಗ, ಹೆಸರು ಬಾಲಸುಬ್ರಮಣಿಯನ್. ನಮ್ಮ ಜನವೇ, ಮನೆಯಲ್ಲಿ ಕನ್ನಡವೇ. ಹುಡುಗ ತಲೆ ತಗ್ಗಿಸಿ ಮಾತಾಡುತ್ತಾನೆ, ಹುಳುಕು ಕಾಣಲಿಲ್ಲ. ಆದರೆ ಮನೆ? ಬೆಟ್ಟದ ಮೇಲೆ ದೊರೆಗಳ ಕಾಲದ ಯಾವುದೋ ಕ್ಲಬ್ಬು ಸಾಮಾನು ಹರಾಜು ಹಾಕಿದಾಗ ಅಯ್ಯಾಸಾಮಿಯವರು ಕುರ್ಚಿ ಬೆಂಚು ಬಿಟ್ಟು ಒಂದು ಜೂಜಿನ ಪೆಟ್ಟಿಗೆ ಕೊಂಡು ತಂದಿದ್ದಾರೆ. ಸ್ಲಾಟ್ ಮಿಷಿನ್ ಅಂತೆ. ಬಿಲ್ಲೆ ಹಾಕಿ ಹಿಡಿ ಎಳೆದರೆ ಒಳಗೆ ಮೂರು ಗಾಲಿ ಗಿರಗಿರ ತಿರುಗಿ ನಿಲ್ಲುತ್ತವೆ, ಮೂರರಲ್ಲೂ ಒಂದೇ ಹಣ್ಣು ಬಂದರೆ ಕೆಳಗೆ ಬಿಲ್ಲೆ ಸುರಿಯುತ್ತದೆ. ಸುಮ್ಮನೆ ನೆಂಟರು ಬಂದರೆ ಆಟಕ್ಕೆ ಎನ್ನುತ್ತಾರೆ. ಆಟ ಹೇಗೆ ಶುರುವಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಪ್ಪ ದೀಪಾವಳಿಗೂ ಇಸ್ಪೀಟು ಮುಟ್ಟಲು ಬಿಡಲಿಲ್ಲ. ಅಂಥ ಮನೆಗೆ ಹೆಣ್ಣು ಕೊಡುವುದೇ ಎಂದರೆ ನಮ್ಮ ಮನೆಯವರು "ತಂಬಿ ನೋಡಿಕೊಳ್ಳುತ್ತಾನೆ" ಎಂದು ಹೇಳಿ ತೋಟಕ್ಕೆ ಹೊರಟುಬಿಡುತ್ತಾರೆ. ತಂಬಿ ನೋಡಿಕೊಳ್ಳುವುದು ಏನೆಂದು ನನಗೆ ಗೊತ್ತು. ಸಂಬಂಧ ಕುದುರಿದರೆ ಆ ಮಿಲ್ಲಿನ ಮೋಟಾರುಗಳ ರಿಪೇರಿಯೆಲ್ಲಾ ಅವನ ವೈಂಡಿಂಗ್ ಅಂಗಡಿಗೇ.

ಆ ಪೆಟ್ಟಿಗೆ ಈಗ ನಮ್ಮ ಮನೆಯಲ್ಲೇ ಕೂತಿದೆ, ಅಣ್ಣಯ್ಯ. ನಡುಮನೆಯಲ್ಲಿ, ದೇವರ ಗೂಡಿಗೆ ಎದುರಾಗಿ. ನಾನು ಅದರ ಮೇಲೆ ಹಳೇ ಸೀರೆ ಹೊದಿಸಿದ್ದೇನೆ. ಒಂದು ದಿನ ಅವರ ಮನೆಯಲ್ಲಿ ಕರೆಂಟು ಹೋಗಿ ಬಂದಾಗ ಯಾರೂ ಮುಟ್ಟದೆಯೇ ಅದು ದೀಪ ಹತ್ತಿಸಿಕೊಂಡು ಗಿರಗಿರ ತಿರುಗಿತಂತೆ. ಅಯ್ಯಾಸಾಮಿಯವರ ತಾಯಿ ಒಬ್ಬರೇ ಕೂತಿದ್ದವರು ಪೇಯಿ ಪಿಶಾಚಿ ಬಂತೆಂದು ಬೀದಿಗೆ ಓಡಿದರಂತೆ. ಅದಕ್ಕೇ ರಿಲೇ ಅನ್ನುವುದನ್ನು ಕೂರಿಸಲು ತಂಗವೇಲುವಿಗೆ ಕೊಟ್ಟಿದ್ದಾರೆ. ಅವನು ಬಿಚ್ಚಿ ತೋರಿಸಿದ. ಸಣ್ಣದೊಂದು ತಾಮ್ರದ ಕಾಯಿಲ್, ಎದುರಿಗೆ ಕಬ್ಬಿಣದ ನಾಲಿಗೆ. ಗುಂಡಿ ಒತ್ತಿದರೆ ಕಾಯಿಲ್ ಅಯಸ್ಕಾಂತವಾಗಿ ನಾಲಿಗೆಯನ್ನು ಟಕ್ ಎಂದು ಎಳೆದುಕೊಳ್ಳುತ್ತದೆ, ಆಗ ಪೆಟ್ಟಿಗೆಗೆ ಕರೆಂಟು ಹೋಗುತ್ತದೆ. ಕರೆಂಟು ನಿಂತರೆ ನಾಲಿಗೆ ಕೈ ಬಿಡುತ್ತದೆ, ಮತ್ತೆ ಗುಂಡಿ ಒತ್ತುವವರೆಗೆ ಪೆಟ್ಟಿಗೆ ಸತ್ತ ಹಾಗೆ. ನಮ್ಮ ಬಾವಿ ಮೋಟಾರಿನ ಸ್ಟಾರ್ಟರಿನಲ್ಲಿ ಇರುವುದೂ ಇದೇ ಅಂತೆ. "ಇದು ನಿಮ್ಮ ಹಾಗೆ ಅತ್ತಿಗೆ, ನೋಡಲು ಚಿಕ್ಕದು, ಒಂದು ಸಲ ಟಕ್ ಅಂದರೆ ಮನೆಯೆಲ್ಲಾ ಓಡಬೇಕು" ಎಂದು ನನ್ನನ್ನೇ ಗೇಲಿ ಮಾಡಿದ. ಇದಕ್ಕೊಂದು, ಕೆಟ್ಟರೆ ಇರಲೆಂದು ಇನ್ನೊಂದು, ಎರಡು ಕಾಯಿಲಿಗೂ ತಂತಿ ಸುತ್ತಿದವಳು ಸಾಂತಿ. ಅವಳ ಕೈ ಅಂಗಡಿಯ ಆಳುಗಳ ಕೈಗಿಂತ ನಯ ಎಂದು ಅವನೇ ಹೇಳುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಬುಧವಾರ ಮನೆಯಲ್ಲೇ ಹೂ ಕೇಳಿದೆವು. ಹೂ ಕೇಳದೆ ನಮ್ಮಲ್ಲಿ ಯಾವ ಮದುವೆ ಆಗಿದೆ? ರಂಗನಾಥರ ಪಟ ತೊಳೆದು, ಎರಡು ಭುಜಕ್ಕೂ ಒಂದೊಂದು ಬಿಳಿ ಸೇವಂತಿಗೆ ಗಂಧದಲ್ಲಿ ಅಂಟಿಸಿದ್ದಳು ಸಾಂತಿ. ಸ್ವಾಮಿಯ ಬಲಗಡೆಯದು ಮೊದಲು ಬಿದ್ದರೆ ಸಂಬಂಧಕ್ಕೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಅಲ್ಲಿಗೆ ಮುಗಿಯಿತು. ಅಯ್ಯಾಸಾಮಿ ಗಂಡ ಹೆಂಡತಿ ಬಂದಿದ್ದರು. ತಂಗವೇಲು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಕರ್ಪೂರ ಹಚ್ಚಿ ಕಣ್ಣು ಮುಚ್ಚಿದೆ. ಅಣ್ಣಯ್ಯ, ಪಟದ ಹಿಂದಿನಿಂದ ಜೇನ್ನೊಣ ಸಿಕ್ಕಿಹಾಕಿಕೊಂಡ ಹಾಗೆ ಗುಂಯ್ ಎನ್ನುವ ಸದ್ದು. ಅಯ್ಯಾಸಾಮಿಯವರ ಹೆಂಡತಿ "ಓಂಕಾರ ಕೇಳಿಸುತ್ತಿದೆ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಗೆಲ್ಲಾ ಹೋಯಿತು. ಪಟದ ಮೇಲಿನ ಬಲ್ಬು ಆರಿತು, ಗುಂಯ್ ನಿಂತಿತು, ಬಲಗಡೆಯ ಹೂ ಬಿತ್ತು. ಎಲ್ಲರೂ ಗೋವಿಂದಾ ಎಂದರು. ನಾನೂ ಎಂದೆ. ಆದರೆ ಕಣ್ಣು ಪಟದ ಹಿಂದಕ್ಕೇ ಹೋಗುತ್ತಿತ್ತು.

ಆಮೇಲಿಂದ ನನಗೆ ನಿದ್ದೆಯಿಲ್ಲ. ಕರೆಂಟು ಹೋದರೆ ಕೈ ಬಿಡುವ ವಸ್ತು ನಮ್ಮ ಮನೆಯಲ್ಲಿ ಏನಿದೆ ಎಂದು ನೀನೇ ಯೋಚಿಸು. ಮರುದಿನ ಪಟ ಸರಿಸಿ ನೋಡಿದೆ. ಏನೂ ಇರಲಿಲ್ಲ. ಹಿಂದಿನ ಹಲಗೆಯ ಧೂಳಿನಲ್ಲಿ ಮಾತ್ರ ದುಂಡನೆಯ ಒಂದು ಗುರುತು, ಕಾಯಿಲಿನ ಅಗಲಕ್ಕೆ. ತಂಗವೇಲು ಅವತ್ತಿನಿಂದ "ಎರಡು ಕಾಯಿಲ್ ಇತ್ತಲ್ಲ, ಒಂದು ಎಲ್ಲಿ ಹೋಯಿತು ಅತ್ತಿಗೆ?" ಎಂದು ನನ್ನ ಅಕ್ಕಿ ಡಬ್ಬದಲ್ಲೂ ಕೈಹಾಕಿ ಹುಡುಕುತ್ತಿದ್ದಾನೆ. ನಾಟಕದವರು ಇವನ ಮುಂದೆ ಸೋಲಬೇಕು. ಮೋಟಾರು ರಿಪೇರಿಗಾಗಿ ದೇವರ ಭುಜಕ್ಕೆ ಕರೆಂಟು ಕೊಡುವವನು ನಾಳೆ ಏನು ತಾನೇ ಮಾಡಲಾರ? ಎಲ್ಲರ ಮುಂದೆ ಕೇಳಿಬಿಡೋಣ ಎಂದರೆ ಅಣ್ಣತಮ್ಮಂದಿರ ನಡುವೆ ನಾನು ಗೋಡೆ ಎಬ್ಬಿಸಿದ ಹಾಗಾಗುತ್ತದೆ. ಸುಮ್ಮನಿದ್ದರೆ ದೇವರು ಹೇಳದ ಮಾತಿಗೆ ಮಗಳನ್ನು ಕೊಟ್ಟ ಹಾಗಾಗುತ್ತದೆ. ಸಾಂತಿಯ ಮುಖ ನೋಡಿದರೆ ಅವಳು ಪಾತ್ರೆ ತೊಳೆಯಲು ಹೋಗುತ್ತಾಳೆ, ಎರಡೆರಡು ಸಲ ತೊಳೆಯುತ್ತಾಳೆ. ಪಾಪ, ಇಷ್ಟವಿಲ್ಲವೋ ಏನೋ.

ಸೋದರಮಾವ ನೀನು. ನೀನು ಒಪ್ಪದೆ ನಿಶ್ಚಯ ಆಗುವುದಿಲ್ಲ ಎಂದು ಹೇಳಿ ಅವರನ್ನು ತಡೆದಿಟ್ಟಿದ್ದೇನೆ. ತಂಗವೇಲುವಿನ ಕುತಂತ್ರ ಅನ್ನುವುದು ನನಗಂತೂ ಖಚಿತ, ನಿನ್ನ ಬುದ್ಧಿಗೆ ಏನು ತೋಚುತ್ತದೆ ಬರೆ. ಬಿದ್ದ ಹೂವನ್ನು ಅವತ್ತೇ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಹೇಗೇ ಬಿದ್ದಿರಲಿ, ಸ್ವಾಮಿಯ ಮೈಮೇಲಿದ್ದ ಹೂವು. ಪ್ರಸಾದವೆಂದು ಇದರ ಜೊತೆ ಕಳಿಸುತ್ತೇನೆ, ಕಣ್ಣಿಗೊತ್ತಿಕೊ. ನಾಚಿಯಮ್ಮ ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ರಂಗನಾಥ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ತಂಗಿ,
ರಂಗನಾಯಕಿ

ಅಣ್ಣಯ್ಯ, ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತಿದ್ದೇನೆ. ಹೂ ಕಳಿಸಲೆಂದು ಗಂಟು ಬಿಚ್ಚಿದೆ. ಬಾಡಿದ ಎಸಳಿನೊಳಗೆ ಕೈಗೆ ಚುಚ್ಚಿತು. ತಲೆಪಿನ್ನು. ತುದಿ ಬಾಗಿದ್ದು, ಸಾಂತಿಯದೇ. ಕರೆದು ಅಂಗೈಯಲ್ಲಿಟ್ಟು ತೋರಿಸಿದೆ. ಅಲ್ಲೇ ಕೂತು ಎಲ್ಲಾ ಹೇಳಿದಳು. ಪೆಟ್ಟಿಗೆ ತಂದ ದಿನ ಆ ಹುಡುಗ ಲೋಟ ಇಸಿದುಕೊಂಡು ನೀರು ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದನಂತೆ. ಅಷ್ಟೇ ಅಂತೆ. ಕಾಯಿಲ್ ಇಟ್ಟವಳು ಅವಳೇ, ಚಿಕ್ಕಪ್ಪನಿಗೆ ಗೊತ್ತೇ ಇಲ್ಲ. ಬಲ್ಬಿನ ಪ್ಲಗ್ಗಿನಿಂದ ತಂತಿ ಎಳೆದು, ಸ್ವಿಚ್ಚು ಸೆರಗಿನಡಿ ಇಟ್ಟುಕೊಂಡಿದ್ದಳಂತೆ. ಬಲಗಡೆಯ ಹೂವಿಗೆ ಗಂಧ ನೆಪಕ್ಕೆ ಮಾತ್ರ, ಒಳಗಿನ ಪಿನ್ನನ್ನು ಹಿಂದಿನಿಂದ ಹಿಡಿದಿದ್ದು ಕಾಯಿಲು, ಸ್ವಿಚ್ಚು ಆರಿಸಿದರೆ ಹೂ ಬೀಳಬೇಕು. "ಆದರೆ ನಾನು ಆರಿಸಲಿಲ್ಲಮ್ಮಾ, ಬೇಡ ಅಂತ ಕೈ ತೆಗೆದೆ, ಅಷ್ಟರಲ್ಲಿ ಕರೆಂಟೇ ಹೋಯಿತು" ಎಂದು ದೇವರ ಗೂಡು ಮುಟ್ಟಿ ಹೇಳುತ್ತಿದ್ದಾಳೆ. ನಂಬಲೇ? ಬೀದಿಗೆಲ್ಲಾ ಕರೆಂಟು ಹೋಗಿದ್ದು ನಿಜ, ಅದು ಅವಳ ಕೈಲಿಲ್ಲ. ತಂಗವೇಲುವಿಗೆ ಇವತ್ತು ಎರಡು ಒಬ್ಬಟ್ಟು ಜಾಸ್ತಿ ಹಾಕುತ್ತೇನೆ, ಯಾಕೆಂದು ಅವನಿಗೆ ತಿಳಿಯುವುದು ಬೇಡ.

ನೀನು ಒಂದು ಕೆಲಸ ಮಾಡು. ನಮ್ಮೂರ ಗುಡಿಗೆ ಇನ್ನೂ ಕರೆಂಟಿನ ಕಂಬ ಬಂದಿಲ್ಲ. ಅಲ್ಲಿ ನಿನ್ನ ಕೈಯಿಂದಲೇ ಗಂಧ ಹಚ್ಚಿ ಇನ್ನೊಮ್ಮೆ ಹೂ ಕೇಳು. ಬಲಗಡೆ ಬಿದ್ದರೆ ಒಂದು ಸಾಲು ಬರೆದು ಮೆಣಸಿನಕಾಯಿ ಲಾರಿಯ ವೇಲುಸಾಮಿಯ ಕೈಗೆ ಕೊಡು, ಅಂಚೆಗೆ ಹಾಕಬೇಡ. ಎಡಗಡೆ ಬಿದ್ದರೆ ಬರೆಯಬೇಡ, ಮೊಣಕಾಲು ಎಷ್ಟೇ ನೋಯಲಿ, ಆ ಲಾರಿ ಹತ್ತಿ ನೀನೇ ಬಾ. ಅವಳಿಗೆ ಅದನ್ನು ಒಬ್ಬಳೇ ಹೇಳಲು ನನ್ನಿಂದ ಆಗುವುದಿಲ್ಲ. ಮಂಗಳವಾರ ರೈಲ್ವೆ ಗೇಟಿನ ಹತ್ತಿರ ಲಾರಿ ನಿಲ್ಲುವಾಗ ಉತ್ತರ ಇಸಿದುಕೊಳ್ಳಲು ಸಾಂತಿಯನ್ನೇ ಕಳಿಸುತ್ತೇನೆ.